ರಿಪೋರ್ಟ್ ನಾರ್ಮಲ್, ಓಟ ಮಾತ್ರ ಬೀಳುತ್ತಿದೆ: ಹಾರ್ಮೋನು ಮತ್ತು ರಕ್ತ ಪರೀಕ್ಷೆ ಅರ್ಥ ಮಾಡಿಕೊಳ್ಳುವುದು ಹೇಗೆ?

ಬೆಳಗಿನ ಜಾವ ಚಿಕ್ಕಬಳ್ಳಾಪುರದ ಜಿಲ್ಲಾ ಕ್ರೀಡಾಂಗಣಕ್ಕೆ ಹೋದರೆ ಇನ್ನೂ ಕತ್ತಲಿರುವಾಗಲೇ ಓಡುವವರು ಸಿಗುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆಂದು 1600 ಮೀಟರ್ ಅಭ್ಯಾಸ ಮಾಡುವ ಹುಡುಗರು, ಸೇನೆ ಸೇರುವ ಆಸೆ ಇಟ್ಟುಕೊಂಡವರು, ಕಾಲೇಜು ಕ್ರೀಡಾಕೂಟಕ್ಕೆ ತಯಾರಾಗುವ ಹೆಣ್ಣುಮಕ್ಕಳು. ಭಾನುವಾರ ನಂದಿ ಬೆಟ್ಟದ ರಸ್ತೆಯಲ್ಲಿ ಸೈಕಲ್ ತುಳಿಯುವ ನಲವತ್ತು ದಾಟಿದವರೂ ಇರುತ್ತಾರೆ. ಇವರ ಮಾತಲ್ಲಿ ಈಗ ಟೈಮಿಂಗ್ ಜೊತೆಗೆ ಟಿಎಸ್‌ಎಚ್, ಫೆರಿಟಿನ್, ಟೆಸ್ಟೊಸ್ಟೆರಾನ್ ಎಂಬ ಹೆಸರುಗಳೂ ಬರುತ್ತವೆ. ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಗೆ ಮೊಬೈಲಿಗೆ ರಿಪೋರ್ಟ್ ಬರುತ್ತದೆ. ಅದನ್ನು ಕೂರಿಸಿಕೊಂಡು ವಿವರಿಸಿ ಹೇಳುವವರು ಸಿಗುವುದು ಕಷ್ಟ.

ತೊಂದರೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ಮೂರು ತಿಂಗಳ ಹಿಂದೆ ಆರಾಮಾಗಿ ಮುಗಿಸುತ್ತಿದ್ದ ದೂರಕ್ಕೆ ಈಗ ಏದುಸಿರು. ಕಾಲು ಭಾರ. ರಾತ್ರಿ ನಿದ್ದೆ ಮಾಡಿದರೂ ಬೆಳಿಗ್ಗೆ ಸುಸ್ತು. ಕೋಚ್ "ಇನ್ನೂ ಜಾಸ್ತಿ ಓಡು" ಅನ್ನುತ್ತಾರೆ. ಮನೆಯಲ್ಲಿ "ಹೊಟ್ಟೆ ತುಂಬ ತಿನ್ನಲ್ಲ" ಅನ್ನುತ್ತಾರೆ. ಜಿಮ್ಮಿನ ಗೆಳೆಯ "ಹಾರ್ಮೋನು ಕಮ್ಮಿ ಆಗಿರಬೇಕು, ಒಂದು ಇಂಜೆಕ್ಷನ್ ಸಾಕು" ಅನ್ನುತ್ತಾನೆ. ಹೆಚ್ಚಿನ ಸಲ ಸತ್ಯಕ್ಕೆ ಹತ್ತಿರ ಇರುವುದು ಮನೆಯವರ ಮಾತೇ. ಯಾಕೆ ಅಂತ ತಿಳಿಯಬೇಕಾದರೆ ಹಾರ್ಮೋನಿನಿಂದಲೇ ಶುರು ಮಾಡಬೇಕು.

ಹಾರ್ಮೋನು ಅಂದರೆ ಏನು?

ಹಾರ್ಮೋನು ಅಂದರೆ ರಕ್ತದಲ್ಲಿ ಹರಿದು ಹೋಗುವ ಸಂದೇಶ. ಒಂದು ಗ್ರಂಥಿ ಅದನ್ನು ತಯಾರಿಸುತ್ತದೆ, ದೂರದ ಇನ್ನೊಂದು ಅಂಗ ಅದಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಗಂಟಲಿನ ಮುಂದೆ ಇರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಹೃದಯದ ಬಡಿತ, ಸ್ನಾಯುವಿನ ಚುರುಕು, ಮೈ ಬಿಸಿ ಇವನ್ನೆಲ್ಲ ನೋಡಿಕೊಳ್ಳುತ್ತದೆ. ಟೆಸ್ಟೊಸ್ಟೆರಾನ್ ಸ್ನಾಯು, ಮೂಳೆ, ಕೆಂಪು ರಕ್ತಕಣಗಳು ಬೆಳೆಯಲು ಬೇಕು. ಈಸ್ಟ್ರೊಜನ್ ಮುಟ್ಟಿನ ಚಕ್ರ ನಡೆಸುವುದರ ಜೊತೆಗೆ ಮೂಳೆಯನ್ನೂ ಕಾಯುತ್ತದೆ. ಕಾರ್ಟಿಸಾಲ್ ಒತ್ತಡದ ಹೊತ್ತಿನಲ್ಲಿ ಸಕ್ಕರೆ, ರಕ್ತದೊತ್ತಡವನ್ನು ಹಿಡಿದಿಡುತ್ತದೆ.

ಈ ಗ್ರಂಥಿಗಳಲ್ಲಿ ಕೆಲವಕ್ಕೆ ಮೇಲ್ವಿಚಾರಣೆ ಮಾಡುವುದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ. ಮನೆ ಕಟ್ಟುವ ಜಾಗದ ಮೇಸ್ತ್ರಿಯನ್ನು ನೆನೆಸಿಕೊಳ್ಳಿ. ಕೂಲಿಯವರು ನಿಧಾನ ಮಾಡಿದರೆ ಮೇಸ್ತ್ರಿ ದನಿ ಏರಿಸುತ್ತಾನೆ. ಕೆಲಸ ಸರಾಗವಾಗಿ ಸಾಗಿದರೆ ಸುಮ್ಮನಿರುತ್ತಾನೆ. ಪಿಟ್ಯುಟರಿ ಮೇಸ್ತ್ರಿ, ಥೈರಾಯ್ಡ್ ಕೂಲಿಯವನು, ಟಿಎಸ್‌ಎಚ್ ಅನ್ನುವುದು ಮೇಸ್ತ್ರಿಯ ಕೂಗು. ಹಾಗಾಗಿ ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಕೆಲಸ ಕಮ್ಮಿಯಾಗಿದೆ ಅಂತ ಅರ್ಥ. ತುಂಬ ಜನ ಇದನ್ನು ತಿರುವುಮುರುವಾಗಿ ಓದುತ್ತಾರೆ.

ದೇಹಕ್ಕೆ ತಾನೇ ತಯಾರಿಸಲು ಆಗದ ಹಾರ್ಮೋನನ್ನು ಮಾತ್ರೆ, ಇಂಜೆಕ್ಷನ್ ಅಥವಾ ಜೆಲ್ ಮೂಲಕ ಹೊರಗಿನಿಂದ ಕೊಡುವುದೇ ಹಾರ್ಮೋನು ಚಿಕಿತ್ಸೆ. ಥೈರಾಯ್ಡ್ ಮಾತ್ರೆ, ಸಕ್ಕರೆ ಕಾಯಿಲೆಯ ಇನ್ಸುಲಿನ್ ಎರಡೂ ಇದೇ ಗುಂಪಿನವು. ತಯಾರಿಸಲು ಆಗದ್ದು ಯಾವಾಗ, ದೇಹವೇ ಬೇಕೆಂದು ತಯಾರಿಕೆ ಇಳಿಸಿದ್ದು ಯಾವಾಗ ಅಂತ ಬೇರೆ ಮಾಡಿ ನೋಡುವುದರಲ್ಲೇ ಎಲ್ಲ ಇದೆ.

'ನಾರ್ಮಲ್' ಅಂತ ಬರೆಯುವುದು ಹೇಗೆ?

ರಿಪೋರ್ಟಿನಲ್ಲಿ ನಿಮ್ಮ ಅಂಕಿಯ ಪಕ್ಕ ಒಂದು ಮಿತಿ ಇರುತ್ತದೆ. ಆರೋಗ್ಯವಂತರ ರಕ್ತ ಪರೀಕ್ಷಿಸಿ, ಅವರಲ್ಲಿ 95% ಜನರ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೋ ಅದನ್ನೇ ಸಾಮಾನ್ಯವಾಗಿ ಮಿತಿ ಅಂತ ಇಡುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ 100 ಜನರಲ್ಲಿ ಐವರು ಮಿತಿಯ ಹೊರಗೇ ಇರುತ್ತಾರೆ. ಈಗ ಲೆಕ್ಕ ಹಾಕಿ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಯ ಪ್ಯಾಕೇಜ್ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಿಗೂ ಒಂದಾದರೂ ಕೆಂಪು ಅಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು 64%. ಪ್ಯಾಕೇಜ್ ದೊಡ್ಡದಾದಷ್ಟೂ ಗಾಬರಿ ಜಾಸ್ತಿ.

ಇದರ ಇನ್ನೊಂದು ಮಗ್ಗುಲೂ ಇದೆ. ಮಿತಿಯ ಒಳಗೆ ಇದ್ದ ಮಾತ್ರಕ್ಕೆ ನಿಮಗೆ ಅದು ಸಾಕು ಅಂತಲ್ಲ. ಹೋದ ವರ್ಷ ಹಿಮೊಗ್ಲೋಬಿನ್ 15 ಇದ್ದ ಹುಡುಗನಿಗೆ ಈಗ 13.2 ಬಂದರೆ ರಿಪೋರ್ಟ್ ನಾರ್ಮಲ್ ಅನ್ನುತ್ತದೆ. ಓಟ ಮಾತ್ರ ಬಿದ್ದಿರುತ್ತದೆ. ಹಳೇ ರಿಪೋರ್ಟುಗಳನ್ನು ಎತ್ತಿಡಿ ಅಂತ ಹೇಳುವುದು ಇದಕ್ಕೇ.

ಓಡುವವರ ರಕ್ತಕ್ಕೆ ಇನ್ನೂ ಕೆಲವು ವಿಶೇಷಗಳಿವೆ. ದಿನಾ ದೂರ ಓಡುವವರಲ್ಲಿ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಜಾಸ್ತಿಯಾಗುತ್ತದೆ. ಆಗ ಹಿಮೊಗ್ಲೋಬಿನ್ ನಿಜಕ್ಕೂ ಕಮ್ಮಿಯಾಗದಿದ್ದರೂ ತೆಳುವಾದಂತೆ ಕಾಣುತ್ತದೆ. ಜೋರು ಅಭ್ಯಾಸದ ಮರುದಿನ ರಕ್ತ ಕೊಟ್ಟರೆ ಸ್ನಾಯುವಿನ ಸಿಕೆ ಅಂಶ ಸಾವಿರ ದಾಟಿರಬಹುದು, ಲಿವರ್ ಪರೀಕ್ಷೆಯ ಎಎಸ್‌ಟಿ ಕೂಡ ಏರಿರಬಹುದು. ಲಿವರ್ ಕೆಟ್ಟಿದೆ ಅಂತ ಹೆದರುವ ಮೊದಲು ಹಿಂದಿನ ದಿನ ಏನು ಮಾಡಿದಿರಿ ಅಂತ ಡಾಕ್ಟರಿಗೆ ಹೇಳಬೇಕು.

ಮೊದಲು ನೋಡಬೇಕಾದ್ದು ಕಬ್ಬಿಣ

ಕಬ್ಬಿಣ ಹಾರ್ಮೋನಲ್ಲ. ಆದರೂ ಕಾರಣ ಗೊತ್ತಿಲ್ಲದೆ ಓಟ ಬಿದ್ದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಮೊದಲು ಹುಡುಕಬೇಕಾದ್ದು ಇದನ್ನೇ. ಶ್ವಾಸಕೋಶದಿಂದ ಆಮ್ಲಜನಕವನ್ನು ಸ್ನಾಯುವಿಗೆ ಒಯ್ಯುವುದು ಹಿಮೊಗ್ಲೋಬಿನ್, ಅದನ್ನು ತಯಾರಿಸಲು ಕಬ್ಬಿಣ ಬೇಕು. ಫೆರಿಟಿನ್ ಪರೀಕ್ಷೆ ದೇಹದಲ್ಲಿ ದಾಸ್ತಾನಿರುವ ಕಬ್ಬಿಣ ಎಷ್ಟು ಅಂತ ತೋರಿಸುತ್ತದೆ. ಮೊದಲು ದಾಸ್ತಾನು ಖಾಲಿಯಾಗುತ್ತದೆ, ಆಮೇಲೆ ಹಿಮೊಗ್ಲೋಬಿನ್ ಬೀಳುತ್ತದೆ. ನಡುವಿನ ಈ ತಿಂಗಳುಗಳಲ್ಲೇ ಓಟಗಾರ್ತಿಗೆ ಕಾಲು ಭಾರ ಅನ್ನಿಸತೊಡಗುವುದು.

ಶಿಡ್ಲಘಟ್ಟ ಕಡೆಯ ಒಬ್ಬ ಕಾಲೇಜು ಹುಡುಗಿಯನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾಳೆ. ಮನೆಗೆ ಬಂದವಳೇ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಒಂದು ಲೋಟ ಟೀ, ಎರಡು ಬಿಸ್ಕತ್ತು ಮುಗಿಸಿ ಬಸ್ ಹಿಡಿಯುತ್ತಾಳೆ. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ. ರಾತ್ರಿ ಮುದ್ದೆ, ಸೊಪ್ಪಿನ ಸಾರು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಆದರೆ ಅದನ್ನು ಯಾರಿಗೂ ಹೇಳಿಲ್ಲ. ರಿಪೋರ್ಟಿನಲ್ಲಿ ಹಿಮೊಗ್ಲೋಬಿನ್ 12.3, ಟಿಎಸ್‌ಎಚ್ 3.2, ಫೆರಿಟಿನ್ 9. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಮ್ಮಿ ಹಿಮೊಗ್ಲೋಬಿನ್ ಇದ್ದರೆ, ಗಂಡಸರಿಗೆ 13ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಹಾಗಾಗಿ ಇವಳಿಗೆ ರಕ್ತಹೀನತೆ ಇಲ್ಲ. ಆದರೆ ಫೆರಿಟಿನ್ 15ಕ್ಕಿಂತ ಕೆಳಗಿದೆ. ದಾಸ್ತಾನು ಖಾಲಿ. ಹಿಮೊಗ್ಲೋಬಿನ್ ಮಾತ್ರ ನೋಡಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಕ್ರೀಡಾ ವೈದ್ಯರಂತೂ 30ರ ಆಸುಪಾಸಿಗೆ ಇಳಿದರೇ ಎಚ್ಚರ ವಹಿಸುತ್ತಾರೆ.

ಅವಳ ದಿನಚರಿಯಲ್ಲಿ ಕಾರಣಗಳು ಕಣ್ಣೆದುರೇ ಇವೆ. ಮುಟ್ಟಿನಲ್ಲಿ ಕಬ್ಬಿಣ ಹೋಗುತ್ತದೆ. ಬೆವರಿನಲ್ಲೂ ಸ್ವಲ್ಪ. ಗಟ್ಟಿ ನೆಲದ ಮೇಲೆ ಪಾದ ಬಡಿಯುವಾಗ ಕೆಲವು ರಕ್ತಕಣಗಳು ಒಡೆಯುತ್ತವೆ. ಜೋರಾಗಿ ಓಡಿದ ಮೂರರಿಂದ ಆರು ಗಂಟೆಯ ಹೊತ್ತಿಗೆ ಲಿವರಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನು ಜಾಸ್ತಿ ಬರುತ್ತದೆ, ಅದು ಕರುಳಿನಿಂದ ಕಬ್ಬಿಣ ಒಳಗೆ ಹೋಗುವುದನ್ನು ತಡೆಯುತ್ತದೆ. ಟೀ, ಕಾಫಿಯ ಟ್ಯಾನಿನ್ ಕೂಡ ಹಾಗೇ ಮಾಡುತ್ತದೆ. ರಾಗಿ, ಸೊಪ್ಪು, ಕಾಳಿನಲ್ಲಿ ಕಬ್ಬಿಣ ಇದ್ದರೂ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ದೇಹಕ್ಕೆ ಹಿಡಿಸುವುದಿಲ್ಲ. ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿ ಜೊತೆಗಿದ್ದರೆ ಹೀರಿಕೆ ಜಾಸ್ತಿಯಾಗುತ್ತದೆ. ಉಪ್ಸಾರಿಗೆ ನಿಂಬೆ ಹಿಂಡುವುದು, ಟೀಯನ್ನು ಊಟದಿಂದ ಒಂದೆರಡು ಗಂಟೆ ದೂರ ಇಡುವುದು, ಇಷ್ಟಕ್ಕೇ ವ್ಯತ್ಯಾಸ ಕಾಣುತ್ತದೆ.

ಖಾಲಿಯಾದ ದಾಸ್ತಾನನ್ನು ಊಟವೊಂದೇ ತುಂಬುವುದಿಲ್ಲ, ಮಾತ್ರೆ ಬೇಕಾಗುತ್ತದೆ. ಶಾಲೆಯಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಮಾತ್ರೆ ನೆನಪಿದೆಯಲ್ವಾ? ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹೊಟ್ಟೆ ತೊಳಸುತ್ತದೆ ಅಂತ ಕಿಟಕಿಯಾಚೆ ಎಸೆಯುವ ಮಕ್ಕಳಿದ್ದಾರೆ. ಆ ಮಾತ್ರೆ ಇರುವುದು ಕೊರತೆ ಬರದಂತೆ ತಡೆಯಲು. ಕೊರತೆ ಬಂದಾಗಿದ್ದರೆ ಎಷ್ಟು, ದಿನಾ ನುಂಗಬೇಕೋ ದಿನ ಬಿಟ್ಟು ದಿನವೋ ಅಂತ ಡಾಕ್ಟರು ಹೇಳಬೇಕು. ದಾಸ್ತಾನು ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಇದೆಯೇ ಅಂತಲೂ ನೋಡಬೇಕು, ಅದು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಗಂಡಸಿಗೆ ಕಾರಣವಿಲ್ಲದೆ ಕಬ್ಬಿಣ ಇಳಿದರೆ ಹೊಟ್ಟೆ, ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿದೆಯೇ ಅಂತ ಹುಡುಕಲೇಬೇಕು. ಇನ್ನೊಂದು ಮಾತು: ಜ್ವರ, ನೆಗಡಿ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಆ ಹೊತ್ತಿನಲ್ಲಿ ಪರೀಕ್ಷೆ ಮಾಡಿಸಿದರೆ ಕೊರತೆ ಮುಚ್ಚಿಹೋಗಬಹುದು.

ಸಸ್ಯಾಹಾರಿಗಳು ಇದರ ಜೊತೆಗೇ ವಿಟಮಿನ್ ಬಿ12 ನೋಡಿಸುವುದು ಒಳ್ಳೆಯದು.

ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೂ ಸುಸ್ತು ಯಾಕೆ?

ಥೈರಾಯ್ಡ್ ನಿಧಾನವಾದರೆ ಹೃದಯ ಒಂದು ಬಡಿತಕ್ಕೆ ದೂಡುವ ರಕ್ತ ಕಮ್ಮಿಯಾಗುತ್ತದೆ, ಸ್ನಾಯು ಹಿಡಿದ ಮೇಲೆ ಬಿಡುವುದು ತಡವಾಗುತ್ತದೆ. ಚಳಿ ತಡೆಯುವುದಿಲ್ಲ, ತೂಕ ಏರುತ್ತದೆ, ಮಲಬದ್ಧತೆ ಬರುತ್ತದೆ. ಟಿಎಸ್‌ಎಚ್ ಮಿತಿ ಹೆಚ್ಚಿನ ಲ್ಯಾಬುಗಳಲ್ಲಿ 0.4ರಿಂದ 4ರ ಆಸುಪಾಸು. ಲೆವೊಥೈರಾಕ್ಸಿನ್ ಮಾತ್ರೆ ಶುರು ಮಾಡಿದ ಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರು ಮಾತ್ರ "ಟಿಎಸ್‌ಎಚ್ ಸರಿಹೋಯ್ತು, ಓಟ ಸರಿಹೋಗಲಿಲ್ಲ" ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಬಾರದು, ಕಾರಣ ಇದ್ದೇ ಇರುತ್ತದೆ.

ಮೊದಲನೆಯದು ಸಮಯ. ಈ ಹಾರ್ಮೋನು ರಕ್ತದಲ್ಲಿ ಅರ್ಧದಷ್ಟಾಗಲು ಸುಮಾರು ಒಂದು ವಾರ ಬೇಕು. ಹಾಗಾಗಿ ಡೋಸ್ ಬದಲಿಸಿದ ಮೇಲೆ ಟಿಎಸ್‌ಎಚ್ ನೆಲೆಗೆ ಬರಲು ಆರರಿಂದ ಎಂಟು ವಾರ. ಸ್ನಾಯು, ಹೃದಯ, ಬಿಟ್ಟುಹೋದ ಅಭ್ಯಾಸ ಇವೆಲ್ಲ ಮರಳಲು ಅದಕ್ಕಿಂತಲೂ ಜಾಸ್ತಿ ಸಮಯ. ಹದಿನೈದು ದಿನಕ್ಕೊಮ್ಮೆ ರಕ್ತ ಕೊಟ್ಟು ಪ್ರಯೋಜನವಿಲ್ಲ.

ಎರಡನೆಯದು ನುಂಗುವ ರೀತಿ. ಈ ಮಾತ್ರೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ ಹೋಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ಹಾಲು, ರಾಗಿ ಗಂಜಿ ಯಾವುದೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ದೂರ ಇರಬೇಕು. ಎಷ್ಟೋ ಮನೆಗಳಲ್ಲಿ ಮರೆಯಬಾರದು ಅಂತ ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಬೆಳಗಿನ ಕಾಫಿ ಮೂರನ್ನೂ ಒಟ್ಟಿಗೇ ಮುಗಿಸುತ್ತಾರೆ. ಆಗ ಮಾತ್ರೆಯಲ್ಲಿರುವ ಔಷಧದ ಒಂದು ಪಾಲು ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಇಲ್ಲ. ಬೆಳಿಗ್ಗೆ ಓಡುವವರು ಎದ್ದ ತಕ್ಷಣ ನುಂಗಿ, ಓಡಿ ಬಂದು ತಿಂಡಿ ತಿಂದರೆ ಲೆಕ್ಕ ಸರಿಹೋಗುತ್ತದೆ.

ಮೂರನೆಯದು ಜೊತೆಗಿರುವ ಇನ್ನೊಂದು ಕೊರತೆ. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಕಾಯಿಲೆಯಲ್ಲಿ ಬಿ12 ಕೊರತೆ, ಗೋಧಿಯ ಗ್ಲುಟೆನ್ ಒಗ್ಗದಿರುವುದು ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ. ನಾಲ್ಕನೆಯದು ಡೋಸ್ ಮೀರುವುದು. ಬೇಗ ಚುರುಕಾಗಲಿ ಅಂತ ತಾವೇ ಒಂದು ಮಾತ್ರೆ ಹೆಚ್ಚಿಗೆ ನುಂಗಿದರೆ ಎದೆ ಡವಡವ, ಕೈ ನಡುಕ, ಸ್ನಾಯು ಸವೆತ ಶುರುವಾಗಿ ಓಟ ಇನ್ನೂ ಬೀಳುತ್ತದೆ. ಕೂದಲು, ಉಗುರಿಗೆಂದು ನುಂಗುವ ಬಯೋಟಿನ್ ಮಾತ್ರೆ ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೇ ಕೆಡಿಸಬಲ್ಲದು. ರಕ್ತ ಕೊಡುವ ಎರಡು ದಿನ ಮೊದಲು ಅದನ್ನು ನಿಲ್ಲಿಸಲು ಹೇಳುತ್ತಾರೆ.

ಊಟ ಸಾಲದಿದ್ದರೆ ಹಾರ್ಮೋನೇ ಇಳಿಯುತ್ತದೆ

ಮನೆಯವರ ಮಾತಿನಲ್ಲಿ ಸತ್ಯ ಇರುವುದು ಇಲ್ಲಿ. ಅಭ್ಯಾಸಕ್ಕೆ ಖರ್ಚಾಗಿ ಉಳಿದ ಶಕ್ತಿಯಲ್ಲೇ ದೇಹ ಹೃದಯ, ಮಿದುಳು, ಮೂಳೆ, ಮುಟ್ಟು ಎಲ್ಲವನ್ನೂ ನಡೆಸಬೇಕು. ಉಳಿದದ್ದು ಸಾಲದಿದ್ದರೆ ಬದುಕಲು ತಕ್ಷಣಕ್ಕೆ ಬೇಡವಾದ ಕೆಲಸಗಳನ್ನು ನಿಲ್ಲಿಸುತ್ತದೆ. ಮುಟ್ಟು ನಿಲ್ಲುತ್ತದೆ, ಟೆಸ್ಟೊಸ್ಟೆರಾನ್ ಇಳಿಯುತ್ತದೆ, ಥೈರಾಯ್ಡಿನ ಟಿ3 ಹಾರ್ಮೋನು ಇಳಿಯುತ್ತದೆ. ಕ್ರೀಡೆಯಲ್ಲಿ ಶಕ್ತಿಯ ಕೊರತೆಯಿಂದ ಆಗುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ 'ರೆಡ್-ಎಸ್' ಅಂತ ಹೆಸರಿಟ್ಟಿತು. ಗಂಡಸರಿಗೂ ಇದು ಬರುತ್ತದೆ.

ಲೆಕ್ಕ ಕಷ್ಟವಲ್ಲ. 50 ಕಿಲೋ ತೂಕದ ಹುಡುಗಿಯ ಮೈಯಲ್ಲಿ ಕೊಬ್ಬು ಬಿಟ್ಟು 40 ಕಿಲೋ ಇದೆ ಅಂದುಕೊಳ್ಳಿ. ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲೊರಿ ಉಳಿದರೆ ದೇಹ ನೆಮ್ಮದಿಯಾಗಿರುತ್ತದೆ, ಅಂದರೆ 1800. ಇದು 30ಕ್ಕಿಂತ ಕೆಳಗೆ, ಅಂದರೆ 1200ಕ್ಕಿಂತ ಕೆಳಗೆ ಹೋದರೆ ಅಪಾಯ ಜಾಸ್ತಿ. 10 ಕಿಲೋಮೀಟರ್ ಓಟಕ್ಕೆ ಅವಳು ಸುಮಾರು 500 ಕ್ಯಾಲೊರಿ ಸುಡುತ್ತಾಳೆ. ಹಾಗಾದರೆ ದಿನಕ್ಕೆ 2300 ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸಿಗುವುದು ಸುಮಾರು 320. ಟೀ, ಬಿಸ್ಕತ್ತು, ಡಬ್ಬಿ ಚಿತ್ರಾನ್ನ, ಒಂದು ಮುದ್ದೆಯಲ್ಲಿ ಇದು ಮುಟ್ಟುವುದಿಲ್ಲ.

ಮೂರು ತಿಂಗಳು ಮುಟ್ಟು ಬರದಿದ್ದರೆ "ಓಡುವವರಿಗೆ ಹಾಗೇ ಆಗತ್ತೆ" ಅಂತ ಬಿಡಬಾರದು. ಗರ್ಭ, ಪಿಸಿಒಡಿ (ಅಂಡಾಶಯದ ಹಾರ್ಮೋನು ಏರುಪೇರು), ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಎಲ್ಲ ನೋಡಿ, ಆಮೇಲೆ ಊಟದ ಕೊರತೆ ಅಂತ ತೀರ್ಮಾನಿಸುತ್ತಾರೆ. ಗರ್ಭನಿರೋಧಕ ಮಾತ್ರೆ ಕೊಟ್ಟು ತಿಂಗಳು ತಿಂಗಳು ರಕ್ತಸ್ರಾವ ತರಿಸಬಹುದು, ಆದರೆ ಈಸ್ಟ್ರೊಜನ್ ಇಳಿದು ಸವೆದ ಮೂಳೆ ಅದರಿಂದ ಚೇತರಿಸಿಕೊಳ್ಳುವುದಿಲ್ಲ. ಚಿಕಿತ್ಸೆ ಅಂದರೆ ಜಾಸ್ತಿ ಊಟ, ಸ್ವಲ್ಪ ದಿನ ಕಮ್ಮಿ ಓಟ. ಹೆಣ್ಣುಮಕ್ಕಳ ಕೋಚ್‌ಗಳು ತೂಕ ಇಳಿಸು ಅನ್ನುವ ಮೊದಲು ಈ ಲೆಕ್ಕ ಹಾಕಿ ನೋಡಲಿ ಅಂತ ನನ್ನ ಕೋರಿಕೆ.

ಟೆಸ್ಟೊಸ್ಟೆರಾನ್ ಇಂಜೆಕ್ಷನ್: ಮೇಸ್ತ್ರಿ ಸುಮ್ಮನಾದರೆ ಏನಾಗುತ್ತದೆ?

ಟೆಸ್ಟೊಸ್ಟೆರಾನ್ ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಮ್ಮಿ. ಮಧ್ಯಾಹ್ನ ಮೂರಕ್ಕೆ ಕೊಟ್ಟ ರಕ್ತದಲ್ಲಿ ಕಮ್ಮಿ ಬಂದರೆ ಅದಕ್ಕೆ ಬೆಲೆಯಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ನೋಡಬೇಕು. ಎರಡೂ ಸಲ ಕಮ್ಮಿ ಬಂದರೆ ಮೇಸ್ತ್ರಿಯ ಕೂಗು, ಅಂದರೆ ಪಿಟ್ಯುಟರಿ ವೃಷಣಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನು ಪರೀಕ್ಷಿಸುತ್ತಾರೆ. ಕೂಗು ಜೋರಾಗಿದ್ದೂ ಟೆಸ್ಟೊಸ್ಟೆರಾನ್ ಇಲ್ಲದಿದ್ದರೆ ವೃಷಣದಲ್ಲೇ ತೊಂದರೆ. ಕೂಗೇ ಇಲ್ಲದಿದ್ದರೆ ಪಿಟ್ಯುಟರಿ ತೊಂದರೆ ಇರಬಹುದು, ಅಥವಾ ಊಟ, ನಿದ್ದೆ ಸಾಲದೆ, ಅಭ್ಯಾಸ ಮಿತಿಮೀರಿ ದೇಹವೇ ಇಳಿಸಿರಬಹುದು. ಈ ಕೊನೆಯದಕ್ಕೆ ಇಂಜೆಕ್ಷನ್ ಉತ್ತರವಲ್ಲ.

ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದ ಕೂಡಲೇ ಪಿಟ್ಯುಟರಿ ಸುಮ್ಮನಾಗುತ್ತದೆ. ವೃಷಣ ಕೆಲಸ ನಿಲ್ಲಿಸಿ ಕುಗ್ಗುತ್ತದೆ, ವೀರ್ಯಾಣು ತಯಾರಿಕೆ ಬಿದ್ದುಹೋಗುತ್ತದೆ. ಇಂಜೆಕ್ಷನ್ ಬಿಟ್ಟ ಮೇಲೆ ಮರಳಲು ತಿಂಗಳುಗಳು ಬೇಕು, ಕೆಲವರಿಗೆ ಅದಕ್ಕಿಂತ ಜಾಸ್ತಿ. ಮದುವೆಯಾಗಿ ಮಗು ಬೇಕು ಅನ್ನುವ ವಯಸ್ಸಿನ ಹುಡುಗರಿಗೆ ಜಿಮ್ಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕೆಂಪು ರಕ್ತಕಣ ಜಾಸ್ತಿಯಾಗಿ ರಕ್ತ ಮಂದವಾಗುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹೆಮಟೊಕ್ರಿಟ್, 54% ದಾಟಿದರೆ ವೈದ್ಯರು ಚಿಕಿತ್ಸೆ ನಿಲ್ಲಿಸುತ್ತಾರೆ ಅಥವಾ ಡೋಸ್ ಇಳಿಸುತ್ತಾರೆ. ನಿಜವಾದ ಕೊರತೆ ಇರುವವರಿಗೆ ಇದು ಒಳ್ಳೆಯ ಚಿಕಿತ್ಸೆಯೇ. ಆದರೆ ತಪಾಸಣೆಯ ಜೊತೆಗೆ ನಡೆಯಬೇಕು.

ರಕ್ತದಲ್ಲಿ ಕಾಣದ ಕಾರಣಗಳು

ಓಡುವಾಗ ಮಾತ್ರ ಬರುವ ಉಬ್ಬಸ ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ. ನಿದ್ದೆಯ ಕೊರತೆ, ಖಿನ್ನತೆ, ಪರೀಕ್ಷೆಯ ಚಿಂತೆಯೂ ಸಿಗುವುದಿಲ್ಲ. ಅತಿ ಅಭ್ಯಾಸದ ದಣಿವಿಗೆ ಅಂತಲೇ ಒಂದು ರಕ್ತ ಪರೀಕ್ಷೆ ಇಲ್ಲ, ಉಳಿದೆಲ್ಲ ಕಾರಣ ತಳ್ಳಿಹಾಕಿದ ಮೇಲೆ ಅಲ್ಲಿಗೆ ಬರುತ್ತಾರೆ. ಬಾಗೇಪಲ್ಲಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯಬಹುದು. ಅದಕ್ಕೆ ನೀರನ್ನೇ ಪರೀಕ್ಷಿಸಬೇಕು. ರಾತ್ರಿ ಬೆವರು, ಸಂಜೆ ಜ್ವರ, ತೂಕ ಇಳಿಯುವುದು, ಎರಡು ವಾರ ಮೀರಿದ ಕೆಮ್ಮು ಇದ್ದರೆ ಕ್ಷಯದ ತಪಾಸಣೆ ಮೊದಲು. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಒಟ್ಟಿಗೆ ಬಂದರೆ ಅವತ್ತೇ ಸಕ್ಕರೆ ನೋಡಿಸಿ.

ಓಡುವಾಗ ಎದೆ ನೋವು, ತಲೆ ತಿರುಗಿ ಬೀಳುವುದು, ಅಥವಾ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡಿದ್ದರೆ ಓಟ ನಿಲ್ಲಿಸಿ, ಹೃದಯದ ಇಸಿಜಿ, ಎಕೊ ಮಾಡಿಸಿ. ರಕ್ತದ ಪ್ಯಾಕೇಜ್ ಆಮೇಲೆ.

ಸ್ಪರ್ಧೆಗೆ ಇಳಿಯುವವರು ಔಷಧ ತೆಗೆದುಕೊಳ್ಳುವ ಮುನ್ನ

ದೇಶದಲ್ಲಿ ಉದ್ದೀಪನ ಮದ್ದಿನ ತಪಾಸಣೆ ಮಾಡುವುದು 2005ರಲ್ಲಿ ಶುರುವಾದ ನಾಡಾ. ಜಾಗತಿಕ ಸಂಸ್ಥೆ ವಾಡಾ. ನಿಷೇಧಿತ ಔಷಧಗಳ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗಿ ಜಾರಿಗೆ ಬರುತ್ತದೆ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ, "ಡಾಕ್ಟರ್ ಕೊಟ್ಟರು" ಅಂದರೆ ಸಾಲದು.

ಲೆವೊಥೈರಾಕ್ಸಿನ್ ನಿಷೇಧವಿಲ್ಲ. ಕಬ್ಬಿಣದ ಮಾತ್ರೆ, ಗರ್ಭನಿರೋಧಕ ಮಾತ್ರೆಗೂ ತೊಂದರೆಯಿಲ್ಲ. ಟೆಸ್ಟೊಸ್ಟೆರಾನ್ ಮತ್ತು 'ತಾಕತ್ತಿನ ಇಂಜೆಕ್ಷನ್' ಅಂತ ಕೆಲವು ಕಡೆ ಕೊಡುವ ನ್ಯಾಂಡ್ರೊಲೋನ್ ಯಾವಾಗಲೂ ನಿಷೇಧ. ಹೆಚ್ಚಿನವರಿಗೆ ಗೊತ್ತಿಲ್ಲದವೂ ಇವೆ. ಮಕ್ಕಳಾಗಲು ಕೊಡುವ ಕ್ಲೊಮಿಫೀನ್, ಲೆಟ್ರೊಜೋಲ್ ನಿಷೇಧಿತ. ಪಿಸಿಒಡಿಯಲ್ಲಿ ಮುಖದ ಕೂದಲಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ನಿಷೇಧಿತ. ಇನ್ಸುಲಿನ್ ಕೂಡ ಪಟ್ಟಿಯಲ್ಲಿದೆ. ಸಕ್ಕರೆ ಕಾಯಿಲೆಯ ಆಟಗಾರರು ಚಿಕಿತ್ಸೆಗಾಗಿ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಅದಕ್ಕೆ ಟಿಯುಇ ಅನ್ನುತ್ತಾರೆ. ವೈದ್ಯರ ದಾಖಲೆ, ರಕ್ತದ ರಿಪೋರ್ಟ್ ಕೊಟ್ಟು ಅರ್ಜಿ ಹಾಕಬೇಕು.

ನಮ್ಮ ಕಡೆ ಸುಸ್ತಾದರೆ ಒಂದು ಬಾಟಲ್ ಡ್ರಿಪ್ ಹಾಕಿಸಿಕೊಂಡು ಬರುವ ರೂಢಿ ಇದೆಯಲ್ವಾ, ಅದೂ ನಿಯಮಕ್ಕೆ ಸಿಕ್ಕಿಬೀಳುತ್ತದೆ. 12 ಗಂಟೆಯಲ್ಲಿ 100 ಮಿಲಿಲೀಟರಿಗಿಂತ ಜಾಸ್ತಿ ದ್ರವವನ್ನು ನರದ ಮೂಲಕ ಕೊಡುವುದು ನಿಷೇಧ. ಆಸ್ಪತ್ರೆಯಲ್ಲಿ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗ ಪತ್ತೆಗೆ ಬೇಕಾದಾಗ ಮಾತ್ರ ವಿನಾಯಿತಿ. ಒಳಗೆ ಬರೀ ಗ್ಲುಕೋಸ್ ಇದ್ದರೂ ಅಷ್ಟೇ. ಔಷಧದ ಹೆಸರು ಹಾಕಿ ನಿಷೇಧ ಇದೆಯೋ ಇಲ್ಲವೋ ನೋಡಲು ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ. ಚೀಟಿ ಬರೆಸಿಕೊಳ್ಳುವಾಗಲೇ "ನಾನು ಸ್ಪರ್ಧೆಯಲ್ಲಿ ಓಡುತ್ತೇನೆ ಡಾಕ್ಟ್ರೇ" ಅಂತ ಹೇಳಿದರೆ ಬದಲಿ ಔಷಧ ಸಿಗುವ ಸಾಧ್ಯತೆ ಇರುತ್ತದೆ. ಆಗ ಹಳೇ ರಿಪೋರ್ಟುಗಳು, ನುಂಗುತ್ತಿರುವ ಎಲ್ಲ ಮಾತ್ರೆ ಪುಡಿಗಳ ಡಬ್ಬಿ, ಮುಟ್ಟಿನ ದಿನಾಂಕ, ಮೂರು ತಿಂಗಳ ಓಟದ ಟೈಮಿಂಗ್ ಬರೆದ ಚೀಟಿ ಕೈಯಲ್ಲಿರಲಿ.